ಗೊತ್ತೇ ಆಗಲ್ಲ ಬಿಡಿ

ಒಂದು ಬೈಗುಳಕ್ಕೆ ನಾನು ಥ್ಯಾಂಕ್ಸ್ ಹೇಳಿದ್ದೇನೆ. ಅದೂ ನಗುನಗುತ್ತಾ, ಸೆರಗು ಸರಿಮಾಡಿಕೊಂಡು, ಕಾನ್ವೆಂಟಿನಲ್ಲಿ ಕಲಿಸಿದಂತೆ ತಲೆಯನ್ನು ಕೊಂಚ ಬಾಗಿಸಿ. ಬೈದವರಿಗೂ ತಾವು ಬೈದೆವೆಂದು ಗೊತ್ತಿರಲಿಲ್ಲ, ಬೈಸಿಕೊಂಡ ನನಗೂ ಗೊತ್ತಾಗಲಿಲ್ಲ. ಇಬ್ಬರೂ ಬಹಳ ಸಂತೋಷದಿಂದ ಬೀಳ್ಕೊಂಡೆವು.

ಅದು ಕುಣಿಗಲ್ಲಿನಲ್ಲಿ, ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ನಮ್ಮನೆಯವರಿಗೆ ಅಲ್ಲಿಯ ಸರ್ಕಾರಿ ಕಚೇರಿಗೆ ವರ್ಗವಾಗಿತ್ತು. ಕೆರೆಯ ಕಡೆ ಹೋಗುವ ರಸ್ತೆಯಲ್ಲಿ ಒಂದು ಬಾಡಿಗೆ ಮನೆ ನೋಡಲು ಹೋಗಿದ್ದೆವು. ಮಾಲೀಕರು ಒಳ್ಳೆಯ ಮನುಷ್ಯರು. ನಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಹಿತ್ತಲ ನುಗ್ಗೆಮರದಲ್ಲಿ ಯಾವಾಗ ಕಂಬಳಿಹುಳು ಏಳುತ್ತದೆ ಎಂದೆಲ್ಲ ನನಗೆ ವಿವರಿಸಿದರು. ಆಮೇಲೆ ಎಲ್ಲರೂ ಕೇಳುವ ಪ್ರಶ್ನೆಯನ್ನು ಎಲ್ಲರೂ ಹಿಡಿಯುವ ಸುತ್ತುದಾರಿಯಲ್ಲೇ ಕೇಳತೊಡಗಿದರು. ಊರು ಯಾವುದು, ಊರಲ್ಲಿ ಮನೆ ಯಾವ ಕಡೆ, ಮನೆದೇವರು ಯಾರು. ನಮ್ಮನೆಯವರಿಗೆ ಸುತ್ತುದಾರಿ ಆಗಿಬರುವುದಿಲ್ಲ. ನಾವು ದಲಿತರು ಎಂದು ನೆಟ್ಟಗೆ ಹೇಳಿ, ಇನ್ನು ಹೊರಡುವುದೇ ಎಂಬಂತೆ ಎದ್ದು ನಿಂತರು. ಮಾಲೀಕರು ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ಛೆ ಛೆ, ಕೂತ್ಕೊಳ್ಳಿ. ನಿಮ್ಮ ಮಾತು ಕೇಳಿದ್ರೆ ಹಂಗಂತ ಗೊತ್ತೇ ಆಗಲ್ಲ ಬಿಡಿ."

ನಾನು ಥ್ಯಾಂಕ್ಸ್ ಅಂದೆ. ಮನೆ ಸಿಕ್ಕಿತು. ಬಸ್ ನಿಲ್ದಾಣಕ್ಕೆ ಬಂದ ಮೇಲೆ ನಮ್ಮನೆಯವರು, ಥ್ಯಾಂಕ್ಸ್ ಯಾಕೆ ಅಂದೆ ಎಂದು ಕೇಳಿದರು. ಮನೆ ಕೊಟ್ಟರಲ್ಲ, ಅದಕ್ಕೆ ಅಂದೆ. ಅದು ಸುಳ್ಳು. ಮನೆ ಕೊಟ್ಟದ್ದಕ್ಕೆ ಅಲ್ಲ, ಹೊಗಳಿದ್ದಕ್ಕೇ ಅಂದಿದ್ದೆ.

ಹೊಗಳಿಕೆಯ ವಿಷಯದಲ್ಲಿ ನನಗೆ ಮೊದಲಿನಿಂದಲೂ ಸ್ವಲ್ಪ ಆಸೆ ಜಾಸ್ತಿ. ಹುಳಿ ಚೆನ್ನಾಗಿದೆ ಎಂದರೆ ಮತ್ತೊಂದು ಸೌಟು ಬಡಿಸುತ್ತೇನೆ. ಸೀರೆ ಚೆನ್ನಾಗಿದೆ ಎಂದರೆ ಕೊಂಡ ಅಂಗಡಿಯ ಹೆಸರನ್ನು ಕೇಳದೆಯೇ ಹೇಳುತ್ತೇನೆ. ಆದರೆ ಈಗ ಒಂದು ಚಾಳಿ ಅಂಟಿಕೊಂಡಿದೆ. ಯಾರಾದರೂ ಹೊಗಳಿದರೆ ಮಾತಿಗಿಂತ ಮೊದಲು ಅವರ ಹುಬ್ಬನ್ನು ನೋಡುತ್ತೇನೆ. ಪ್ರತಿಯೊಂದು ಹೊಗಳಿಕೆಯಲ್ಲೂ ಸ್ವಲ್ಪ ಅಚ್ಚರಿ ಇರುತ್ತದೆ. ಅದು ಎಷ್ಟಿದೆ ಎಂದು ಹುಬ್ಬು ಹೇಳುತ್ತದೆ. ಮೂರು ವರ್ಷದ ಮಗು ತಾನೇ ಚಪ್ಪಲಿ ಹಾಕಿಕೊಂಡರೆ ನಾವು ಚಪ್ಪಾಳೆ ತಟ್ಟುತ್ತೇವೆ. ನಲವತ್ತು ವರ್ಷದ ಗಂಡಸು ಹಾಕಿಕೊಂಡರೆ ತಟ್ಟುವುದಿಲ್ಲ. ಯಾರಾದರೂ ಆ ಗಂಡಸಿಗೂ ಚಪ್ಪಾಳೆ ತಟ್ಟಿದರೆ, ಅವನ ಬಗ್ಗೆ ಅವರು ಮೊದಲು ಏನಂದುಕೊಂಡಿದ್ದರು ಎಂದು ಅವನು ಮನೆಗೆ ಹೋಗಿ ಯೋಚಿಸಬೇಕಾಗುತ್ತದೆ. ನನಗೆ ಅಂಥ ಚಪ್ಪಾಳೆ ಬಹಳ ಬಿದ್ದಿದೆ. ಯೋಚಿಸಿದ್ದು ಮಾತ್ರ ತಡವಾಗಿ.

ಹೈಸ್ಕೂಲಿನಲ್ಲಿ ಅಲಂಕಾರಗಳ ಪಾಠ ಮಾಡುವಾಗ ನಮ್ಮ ಸಿಸ್ಟರು ವ್ಯಾಜಸ್ತುತಿ ಎಂಬುದನ್ನು ಕಲಿಸಿದ್ದರು. ಮೇಲೆ ನಿಂದೆ, ಒಳಗೆ ಸ್ತುತಿ. ಅಥವಾ ಮೇಲೆ ಸ್ತುತಿ, ಒಳಗೆ ನಿಂದೆ. ಪರೀಕ್ಷೆಯಲ್ಲಿ ಅದಕ್ಕೆ ಪೂರ್ತಿ ಅಂಕ ತೆಗೆದಿದ್ದೆ. ಆದರೆ ಅಲ್ಲಿ ಹೇಳುವವನು ಜಾಣ, ತಾನು ಏನು ಮಾಡುತ್ತಿದ್ದೇನೆಂದು ಅವನಿಗೆ ಚೆನ್ನಾಗಿ ಗೊತ್ತಿರುತ್ತದೆ. ಹೇಳುವವರಿಗೇ ಗೊತ್ತಿಲ್ಲದ, ಕೇಳುವವರು ತಲೆಬಾಗಿ ಮಡಿಲಿಗೆ ಹಾಕಿಕೊಳ್ಳುವ ಸ್ತುತಿಗೆ ಪಂಡಿತರು ಯಾವ ಹೆಸರನ್ನೂ ಇಟ್ಟಂತೆ ಕಾಣೆ. ಅವರಿಗೆ ಅದರ ಅಗತ್ಯ ಬೀಳಲಿಲ್ಲವೇನೋ.

ನನ್ನ ಈ ಮಾತಿನ ಧಾಟಿ ಎಲ್ಲಿಂದ ಬಂತು ಎನ್ನುವುದೂ ಒಂದು ಕತೆ. ಹಾಗಲವಾಡಿಯ ಪಕ್ಕದ ಹಳ್ಳಿಯಲ್ಲಿ, ಊರಿಂದ ಸ್ವಲ್ಪ ಆಚೆಗಿರುವ ಕಾಲೊನಿ ನಮ್ಮದು. ಅಪ್ಪ ತುಮಕೂರಿನ ಕಚೇರಿಯೊಂದರಲ್ಲಿ ಅಟೆಂಡರ್ ಆಗಿದ್ದರು. ಯಾರೋ ದೊಡ್ಡ ಮನಸ್ಸಿನ ಅಧಿಕಾರಿಯ ಮಾತು ಹಿಡಿದು ನನ್ನನ್ನು ಕಾನ್ವೆಂಟಿನ ಹಾಸ್ಟೆಲಿಗೆ ಸೇರಿಸಿದರು. ಕನ್ನಡ ಕಲಿಸುತ್ತಿದ್ದ ಸಿಸ್ಟರು ಮಂಗಳೂರು ಕಡೆಯವರು. ಅವರು ಪುಸ್ತಕದಲ್ಲಿದ್ದಂತೆಯೇ ಮಾತಾಡುತ್ತಿದ್ದರು. ಬನ್ನಿರಿ, ಕುಳಿತುಕೊಳ್ಳಿರಿ, ಗಲಾಟೆ ಮಾಡಬಾರದು. ಒಂದೇ ವರ್ಷದಲ್ಲಿ ನಾನೂ ಅಚ್ಚು ಹಾಕಿಸಿದವಳಂತೆ ಮಾತಾಡತೊಡಗಿದೆ. ರಜೆಗೆ ಊರಿಗೆ ಹೋದಾಗ ಅವ್ವನನ್ನು ಕುಡಿಯಲು ನೀರು ಕೊಡುವಿರಾ ಎಂದು ಕೇಳಿದೆನಂತೆ. ಇವಳು ಯಾರನ್ನು ಕೇಳುತ್ತಿದ್ದಾಳೆಂದು ಅವ್ವ ಹಿಂದೆ ತಿರುಗಿ ನೋಡಿದಳಂತೆ. ಅಂದಿನಿಂದ ನಾನು ಬಸ್ಸಿಳಿದು ಬರುವುದು ಕಂಡರೆ ಚಿಕ್ಕಪ್ಪ, "ಬಂತು ಕಣ್ರಲಾ ನಮ್ಮ ರೇಡಿಯೋ" ಅನ್ನುತ್ತಿದ್ದ. ಅವನ ಆ ಮಾತಿನಲ್ಲಿ ಮಾತ್ರ ಯಾವ ನಂಜೂ ಇರಲಿಲ್ಲ.

ಕುಣಿಗಲ್ಲಿನಿಂದ ತುಮಕೂರಿಗೆ ವರ್ಗವಾಗಿ ಉಪ್ಪಾರಹಳ್ಳಿಯಲ್ಲಿ ಮನೆ ಮಾಡಿದ ಮೇಲೆ ನನ್ನ ರೇಡಿಯೋಗೆ ಹೊಸ ಕೆಲಸ ಸಿಕ್ಕಿತು. ಪಕ್ಕದ ರಸ್ತೆಯಲ್ಲಿ ಶಾರದಮ್ಮನವರು ಇದ್ದರು, ನಿವೃತ್ತ ಹೆಡ್‌ಮಾಸ್ಟರರ ಹೆಂಡತಿ, ಬಡಾವಣೆಯ ಹೆಂಗಸರ ಸಂಘದ ಅಧ್ಯಕ್ಷೆ. ಅವರ ಬಗ್ಗೆ ಕೆಟ್ಟದ್ದು ಬರೆಯಲು ನನ್ನ ಕೈ ಬರುವುದಿಲ್ಲ. ನನ್ನ ಮಗಳಿಗೆ ಟೈಫಾಯ್ಡ್ ಆಗಿದ್ದಾಗ ದಿನಾ ಬೆಳಿಗ್ಗೆ ಫ್ಲಾಸ್ಕಿನಲ್ಲಿ ಗಂಜಿ ತಂದುಕೊಟ್ಟವರು ಅವರು. ಸಂಘದಿಂದ ವರ್ಷಕ್ಕೊಮ್ಮೆ ಶ್ರಾವಣದಲ್ಲಿ ದೀಪಪೂಜೆ ನಡೆಯುತ್ತಿತ್ತು. ಅದಕ್ಕೆ ಚೀಟಿ ಕಳಿಸಿದರೆ ಯಾರೂ ಬರುವುದಿಲ್ಲ. ಕುಂಕುಮದ ಭರಣಿ ಹಿಡಿದು ಮನೆಮನೆಗೆ ಹೋಗಿ, ಹಣೆಗೆ ಇಟ್ಟು, ಬಾಯಿ ತುಂಬ ಕರೆಯಬೇಕು. ಆ ಬಾಯಿ ತುಂಬುವ ಕೆಲಸಕ್ಕೆ ಶಾರದಮ್ಮನವರು ನನ್ನನ್ನು ಆರಿಸಿದರು. "ಮಂಜುಳಾ, ನೀವು ಬರಲೇಬೇಕು ಕಣ್ರೀ. ನೀವು ಕರೆದ್ರೆ ಆ ಡಾಕ್ಟರ ಹೆಂಡತಿಗೂ ಇಲ್ಲ ಅನ್ನೋಕಾಗಲ್ಲ."

ನಾನು ಉಬ್ಬಿಹೋದೆ. ಶ್ರಾವಣ ಬಂತೆಂದರೆ ಸಂಜೆಯ ಕಾಫಿ ಬೇಗ ಮುಗಿಸಿ, ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು ತಯಾರಾಗಿ ನಿಲ್ಲುತ್ತಿದ್ದೆ. ಪ್ರತಿ ಬಾಗಿಲಲ್ಲೂ ನಾನು ಮಾತಾಡುತ್ತಿದ್ದೆ, ಶಾರದಮ್ಮನವರು ಕುಂಕುಮ ಇಡುತ್ತಿದ್ದರು. ಹೊರಗೆ ಬಂದ ಮೇಲೆ, ಎಷ್ಟು ಚೆನ್ನಾಗಿ ಮಾತಾಡ್ತೀರಿ ಎನ್ನುತ್ತಿದ್ದರು. ಒಮ್ಮೊಮ್ಮೆ ದನಿ ತಗ್ಗಿಸಿ, ನನಗಂತೂ ಮರೆತೇ ಹೋಗಿರುತ್ತೆ ನೋಡಿ ಎಂದೂ ಸೇರಿಸುತ್ತಿದ್ದರು. ಏನು ಮರೆತುಹೋಗಿರುತ್ತದೆ ಎಂದು ಅವರೂ ಬಿಡಿಸಿ ಹೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ.

ಅದೇ ವರ್ಷಗಳಲ್ಲಿ ಮಂಡಿನೋವಿನ ಚಿಕಿತ್ಸೆಗೆಂದು ಅವ್ವ ಆಗಾಗ ನಮ್ಮಲ್ಲಿಗೆ ಬರುತ್ತಿದ್ದಳು. ಅಪ್ಪ ನಿವೃತ್ತರಾಗಿ ಊರಲ್ಲಿ ಹಸು ಕಟ್ಟಿಕೊಂಡಿದ್ದರು. ಅವ್ವ ಒಬ್ಬಳೇ ಗುಬ್ಬಿಯಲ್ಲಿ ಬಸ್ಸು ಬದಲಾಯಿಸಿಕೊಂಡು ಬರುವಳು. ಗುಬ್ಬಿಯಿಂದ ತುಮಕೂರಿನವರೆಗೆ ಪಕ್ಕದ ಸೀಟಿನವರ ಸಂಸಾರದ ಪೂರ್ತಿ ವಿವರ ಸಂಗ್ರಹಿಸಿ, ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ವರದಿ ಒಪ್ಪಿಸಲು ಶುರುಮಾಡುವಳು. ಅವಳ ದನಿ ದೊಡ್ಡದು. ಬಹಳ ದೊಡ್ಡದು. ಅಡುಗೆಮನೆಯಲ್ಲಿ ನನಗೆ ಹೇಳಿದ ಗುಟ್ಟು ಬೀದಿಯ ಕೊನೆಯ ಹಾಲಿನ ಡೈರಿಯವನಿಗೂ ಕೇಳುತ್ತಿತ್ತು.

ನಾನು ಅವಳಿಗೆ ಸುಮ್ಮನಿರು ಎಂದು ಯಾವತ್ತೂ ಹೇಳಲಿಲ್ಲ. ಕಾನ್ವೆಂಟಿನಲ್ಲಿ ಕಲಿತವಳು ಹಾಗೆಲ್ಲ ಒರಟಾಗಿ ಹೇಳುವುದಿಲ್ಲ. ಸಂಘದ ಹೆಂಗಸರು ಬರುತ್ತಾರೆ ಎನ್ನುವ ಹೊತ್ತಿಗೆ, ಅವ್ವಾ ಸುಸ್ತಾಗಿದೀಯಾ, ಒಳಗೆ ಸ್ವಲ್ಪ ಮಲಗು ಎನ್ನುತ್ತಿದ್ದೆ. ಮೊದಮೊದಲು ಅವ್ವ, ನಂಗ್ಯಾವ ಸುಸ್ತೂ ಇಲ್ಲ ಬುಡು ಎನ್ನುತ್ತಿದ್ದಳು. ಆಮೇಲೆ ಅನ್ನುವುದನ್ನು ಬಿಟ್ಟಳು. ಇನ್ನೂ ಕೆಲವು ಕಾಲದ ಮೇಲೆ ನಾನು ಹೇಳುವ ಕಷ್ಟವನ್ನೂ ಅವಳೇ ತಪ್ಪಿಸಿದಳು. ಗೇಟು ಕಿರ್ ಎಂದರೆ ಸಾಕು, ಬಿಡಿಸುತ್ತಿದ್ದ ಅವರೆಕಾಯಿಯ ಮೊರ ಹಿಡಿದು, ನೋಯುವ ಮಂಡಿಯ ಮೇಲೆ ಕೈಯೂರಿ ಎದ್ದು, ಒಳಕೋಣೆಗೆ ಹೋಗಿಬಿಡುತ್ತಿದ್ದಳು. ಒಂದು ದಿನ ಬಂದವನು ಗ್ಯಾಸಿನವನು. ಅವನು ಸಿಲಿಂಡರ್ ಇಳಿಸಿ ಹೋದ ಮೇಲೆ ನೋಡುತ್ತೇನೆ, ಅವ್ವ ಕತ್ತಲ ಕೋಣೆಯಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕಾಯಿ ಬಿಡಿಸುತ್ತಿದ್ದಾಳೆ. ಸಿಪ್ಪೆ ಯಾವುದು ಕಾಳು ಯಾವುದು ಎಂದು ಬೆರಳಲ್ಲೇ ನೋಡುತ್ತಾ.

"ಹೋದ್ರಾ?" ಅಂದಳು, ಪಿಸುದನಿಯಲ್ಲಿ. ಅವ್ವನಿಗೆ ಪಿಸುಗುಟ್ಟಲು ಬರುತ್ತದೆಂದು ನನಗೆ ಅವತ್ತೇ ಗೊತ್ತಾದದ್ದು. ನಾನು ಲೈಟು ಹಾಕಿದೆ. ಇದು ಎಳೇ ಅವರೆಕಾಯಿ ಅಲ್ವಾ ಎಂದೇನೋ ಕೇಳಿ ಹೊರಗೆ ಬಂದೆ.

ಹೀಗೆ ಎಷ್ಟು ಕಾಲ ನಡೆಯುತ್ತಿತ್ತೋ. ಒಂದು ಶ್ರಾವಣದಲ್ಲಿ ಶಾರದಮ್ಮನವರು ಕಾದ ಎಣ್ಣೆ ಸಿಡಿದು ಬೆರಳುಗಳನ್ನು ಸುಟ್ಟುಕೊಂಡರು. ಬಲಗೈಯ ಬೆರಳಿಗೆಲ್ಲ ಬ್ಯಾಂಡೇಜು. ಆದರೂ ಕರೆಯಲು ಹೊರಟೆವು. ಮೊದಲ ಮನೆಯಲ್ಲಿ ನಾನು ಕರೆದು ಮುಗಿಸಿದೆ; ಅವರು ಬ್ಯಾಂಡೇಜಿನ ತುದಿಯಿಂದ ಕುಂಕುಮ ತೆಗೆಯಲು ಒದ್ದಾಡಿದರು. ಅರ್ಧ ಆ ಮನೆಯಾಕೆಯ ಮೂಗಿನ ಮೇಲೆ ಬಿತ್ತು. ಎರಡನೆಯ ಮನೆಯಲ್ಲಿ ಕೊಡಿ ನಾನು ಇಡುತ್ತೇನೆ ಎಂದು ಕೈ ಚಾಚಿದೆ. ಶಾರದಮ್ಮನವರು ಭರಣಿಯನ್ನು ಎಡಗೈಯಿಂದ ಬಲಗೈಗೆ, ಆ ಸುಟ್ಟ ಕೈಗೆ, ಸರಿಸಿಕೊಂಡರು. ಬಹಳ ಸಣ್ಣ ಚಲನೆ. ಮಲಗಿದ್ದ ಬೆಕ್ಕು ಮಗ್ಗುಲು ಬದಲಿಸಿದಷ್ಟೇ.

"ಇರಲಿ ಇರಲಿ. ನೀವು ಮಾತಾಡಿ, ನಿಮಗೆ ಅದೇ ಚಂದ."

ಆಮೇಲೆ ತಮ್ಮ ಎಡಗೈಯ ಉಂಗುರ ಬೆರಳಿನಲ್ಲಿ ಅದ್ದಿ ಇಟ್ಟರು. ಎಡಗೈಯಲ್ಲಿ ಕುಂಕುಮ! ಶಾರದಮ್ಮನವರಂಥವರು, ಎಡಗೈಯಲ್ಲಿ ಕೊಟ್ಟ ಚಿಲ್ಲರೆಯನ್ನೂ ಅಂಗಡಿಯವನಿಂದ ತೆಗೆದುಕೊಳ್ಳದವರು. ನನ್ನ ಬಲಗೈಗಿಂತ ಅವರ ಎಡಗೈ ಮೇಲಾಗಿತ್ತು. ಯಾವ ದುರುದ್ದೇಶವೂ ಇರಲಿಲ್ಲ. ಅವರ ಮುಖ ಎಂದಿನಂತೆ ಪ್ರಸನ್ನವಾಗಿತ್ತು. ಕೈಗೆ ತಾನಾಗಿ ಗೊತ್ತಿರುವ ಸಂಗತಿಯನ್ನು ಕೈ ಮಾಡಿತ್ತು, ಅಷ್ಟೇ. ಇಷ್ಟು ವರ್ಷ ನನ್ನ ನಾಲಗೆ ಮಾತ್ರ ಅವರ ಜೊತೆ ಮನೆಮನೆಗೆ ಹೋಗಿದೆ, ನಾನು ಹೋಗಿಲ್ಲ ಎಂದು ಆ ಮೆಟ್ಟಿಲ ಮೇಲೆ ನನಗೆ ಹೊಳೆಯಿತು. ಮಾತು ಕೇಳಿದರೆ ಗೊತ್ತಾಗುವುದಿಲ್ಲ, ಸರಿ. ಆದರೆ ಗೊತ್ತಿದ್ದದ್ದು ಎಲ್ಲಿಗೂ ಹೋಗಿರಲಿಲ್ಲ. ಅವಮಾನ ಎನ್ನುವುದು ಒಂದೇ ಕ್ಷಣದಲ್ಲಿ ಆಗುತ್ತದೆಂದು ತಿಳಿದಿದ್ದೆ. ಇದು ಹಿಂದಿನ ಶ್ರಾವಣಗಳಿಗೆಲ್ಲ ಒಟ್ಟಿಗೆ ಆಯಿತು.

ಆದರೂ ಮೂರನೆಯ ಮನೆಯಲ್ಲಿ ನಾನು ಮಾತಾಡಿದೆ. ಎಂದಿಗಿಂತ ಚೆನ್ನಾಗಿಯೇ ಮಾತಾಡಿದೆ ಎನ್ನುವುದನ್ನೂ ಬರೆದುಬಿಡಬೇಕು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅದೇ ಉಪ್ಪಾರಹಳ್ಳಿಯಲ್ಲಿ ನಾವು ಒಂದು ಸಣ್ಣ ಮನೆ ಕಟ್ಟಿಸಿದೆವು. ಗೃಹಪ್ರವೇಶಕ್ಕೆ ಬಡಾವಣೆಯವರನ್ನು ಕರೆಯಬೇಕಲ್ಲ. ನನ್ನ ಜೊತೆ ಭರಣಿ ಹಿಡಿಯಲು ಯಾರು ಎಂಬ ಮಾತು ಬಂದಾಗ, ಊರಿಂದ ಬಂದಿದ್ದ ಅವ್ವ ಕಾಳು ಆರಿಸುತ್ತಾ ಕೂತಿದ್ದಳು. ತಲೆ ಎತ್ತಲಿಲ್ಲ. ನನ್ನ ಮಗಳು, ಆಗ ಪಿಯುಸಿ, "ಅಜ್ಜಿ ಇದೆಯಲ್ಲಮ್ಮ" ಅಂದಳು. ಅವ್ವ ಗಾಬರಿಯಿಂದ ನನ್ನ ಮುಖ ನೋಡಿದಳು. ಮಗಳ ಮನೆಗೆ ಕರೆಯಲು ಹೋಗಬೇಕೆಂದು ಅವಳಿಗೆ ಆಸೆಯಿತ್ತು. ಅಷ್ಟು ಆಸೆಯಿದ್ದವಳು ನನ್ನ ಅಪ್ಪಣೆಗೆ ಕಾಯುತ್ತಿದ್ದಳು. ಹೋಗೋಣ ಅವ್ವ ಎಂದೆ. ಎಂದವಳೇ ಒಳಗೊಳಗೇ ಲೆಕ್ಕ ಹಾಕಿಬಿಟ್ಟೆ: ಭರಣಿ ಅವಳು ಹಿಡಿಯಲಿ, ಮಾತು ನಾನಾಡುತ್ತೇನೆ. ಲೆಕ್ಕ ಹಾಕಿದ ಮೇಲೆ, ಇದು ಯಾರ ಲೆಕ್ಕ ಎಂದು ನೆನಪಾಯಿತು. ಬಾಯಿ ಒಬ್ಬರದು, ಕೈ ಇನ್ನೊಬ್ಬರದು ಎಂದು ಪಾಲು ಮಾಡುವುದನ್ನು ನಾನೂ ಎಷ್ಟು ಚೆನ್ನಾಗಿ ಕಲಿತಿದ್ದೆ.

ಹಾಗಾಗಿ ಶಾರದಮ್ಮನವರ ಮನೆಯ ಮುಂದೆ ನಿಂತು ಹೇಳಿದೆ, "ಅವ್ವಾ, ಇಲ್ಲಿ ನೀನೇ ಕರಿ."

"ನಂಗೇನ್ ಬತ್ತದೆ ಮಗಾ ನಿನ್ನಂಗೆ ಮಾತಾಡಾಕೆ?"

"ಊರಲ್ಲಿ ಹೆಂಗೆ ಕರೀತೀಯೋ ಹಂಗೆ ಕರಿ."

ಅವ್ವ ಅನುಮಾನದಿಂದ ನನ್ನನ್ನು ನೋಡಿ, ಸೆರಗು ಹೊದ್ದು, ಗೇಟಿನ ಈಚೆ ಬೀದಿಯಲ್ಲೇ ನಿಂತು ಕೂಗಿದಳು. "ಅಮ್ಮಾರೇ... ಮನೆತಾವ ಇದ್ದೀರಾ ಅಮ್ಮಾರೇ..." ಕಾಗೆಗಳು ಹಾರಿದವು. ನಾನು ನಾಚಿ, ಗೇಟು ತೆಗೆದು ಒಳಗೆ ಹೋಗಬಾರದಾ, ಇಲ್ಲಿಂದ ಯಾಕೆ ಕೂಗುತ್ತೀ ಎಂದು ಗದರಿದೆ. ಅವ್ವ ನಕ್ಕಳು.

"ಊರಾಗೆ ದೊಡ್ಡೋರ ಮನೆ ಬಾಕ್ಲಿಗೆ ಹೋಗಾಕಾಯ್ತದಾ? ಬೀದೀಲಿ ನಿಂತೇ ಕೂಗಾದು. ನಡುಮನೇಲಿ ಇರೋರಿಗೆ ಕೇಳುಸ್ಬೇಕಲ್ಲ."

ಅವ್ವನ ದನಿ ಏಕೆ ಅಷ್ಟು ದೊಡ್ಡದು ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ನಾನೂ ಅದೇ ಕೇರಿಯಲ್ಲಿ ಹುಟ್ಟಿದವಳು. ಆದರೆ ನನ್ನನ್ನು ಮಾತಾಡಿಸಿದ ಸಿಸ್ಟರುಗಳು ಮಾರುದೂರದಲ್ಲಿ ನಿಲ್ಲುತ್ತಿರಲಿಲ್ಲ. ತಲೆ ಮೇಲೆ ಕೈಯಿಟ್ಟು ಮಾತಾಡಿಸುತ್ತಿದ್ದರು. ಹತ್ತಿರ ನಿಂತು ಮಾತಾಡುವವರ ನಡುವೆ ಬೆಳೆದವಳ ದನಿ ಮೆತ್ತಗಾಯಿತು. ಬೀದಿಯಿಂದ ಜಗಲಿಗೆ, ಜಗಲಿಯಿಂದ ನಡುಮನೆಗೆ ಮಾತನ್ನು ಎಸೆಯುತ್ತಾ ಬದುಕಿದವಳ ದನಿ ದೊಡ್ಡದಾಯಿತು. ಆ ದೂರ ಅವಳು ಅಳೆದು ಇಟ್ಟುಕೊಂಡದ್ದಲ್ಲ. ಅದನ್ನು ನಾನು ಅವಳ ಒರಟುತನ ಎಂದು ತಿಳಿದು ಕತ್ತಲ ಕೋಣೆಯಲ್ಲಿ ಕೂರಿಸಿದ್ದೆ.

ಶಾರದಮ್ಮನವರು ಹೊರಗೆ ಬಂದರು. ಬನ್ನಿ ಬನ್ನಿ ಎಂದು ಜಗಲಿಗೆ ಕರೆದರು. ಅವ್ವ ಮೆಟ್ಟಿಲು ಹತ್ತಿ ಎದುರಿಗೆ ನಿಂತು, ಬೀದಿಯ ದನಿಯಲ್ಲೇ, "ನನ್ನ ಮಗಳು ಮನೆ ಕಟ್ಟವಳೆ ಕಣ್ರವ್ವ, ಎಲ್ಲಾರೂ ಬಂದು ಒಂದಿಷ್ಟು ಉಂಡ್ಕಂಡು ಹೋಗ್ಬೇಕು" ಎಂದು ಕುಂಕುಮದ ಬೆರಳನ್ನು ಮುಂದಕ್ಕೆ ನೀಡಿದಳು. ಶಾರದಮ್ಮನವರು ಕೊಡಿ ಕೊಡಿ, ನಿಮಗ್ಯಾಕೆ ತೊಂದರೆ ಎನ್ನುತ್ತಾ ಭರಣಿಗೆ ತಮ್ಮದೇ ಬೆರಳು ತಾಗಿಸಿ ತಾವೇ ಹಣೆಗೆ ಇಟ್ಟುಕೊಂಡರು. ಅವ್ವನ ಬೆರಳು ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಂತಿತ್ತು. ಆಮೇಲೆ ಅವಳು ಆ ಕುಂಕುಮವನ್ನು ತನ್ನ ತಾಳಿಗೆ ಹಚ್ಚಿ ಕಣ್ಣಿಗೆ ಒತ್ತಿಕೊಂಡಳು, ಮೊದಲೇ ಹಾಗೆ ಮಾಡಬೇಕೆಂದು ಇದ್ದವಳ ಹಾಗೆ.

ಶಾರದಮ್ಮನವರು ಅವ್ವನನ್ನೂ ನನ್ನನ್ನೂ ನೋಡಿ ಅಕ್ಕರೆಯಿಂದ ನಕ್ಕರು.

"ಮಂಜುಳಾ, ನೀವು ಇವರ ಮಗಳು ಅಂದ್ರೆ ಯಾರೂ ನಂಬಲ್ಲ ಕಣ್ರೀ."

ಏನು ಹೇಳಬೇಕೆಂದು ನನಗೆ ಗೊತ್ತಿತ್ತು. ಹೊಗಳಿಕೆಯ ಬಗ್ಗೆ ಅಷ್ಟೊತ್ತಿಗೆ ನಾನು ಸಾಕಷ್ಟು ಯೋಚಿಸಿದ್ದೆ. ಆದರೆ ನಾನು ಏನೂ ಹೇಳುವ ಮೊದಲೇ ನನ್ನ ಮುಖ ನಕ್ಕುಬಿಟ್ಟಿತು. ತಲೆ ಕೊಂಚ ಬಾಗಿತು. ಥ್ಯಾಂಕ್ಸ್ ಬಾಯಿಯವರೆಗೆ ಬಂದು ಹಲ್ಲಿನ ಹಿಂದೆ ನಿಂತಿತ್ತು. ಅವ್ವ ಅದನ್ನು ನೋಡಿದಳು. ಇಷ್ಟು ವರ್ಷದಲ್ಲಿ ನಾನು ಮಾಡಿದ್ದರಲ್ಲಿ ನನ್ನನ್ನು ಹೆಚ್ಚು ಸುಡುವುದು ಆ ಕತ್ತಲ ಕೋಣೆಯಲ್ಲ, ಈ ನಗು. ಎಲ್ಲ ತಿಳಿದ ಮೇಲೂ ಬಂದ ನಗು.

ಅವ್ವನೇ ಉತ್ತರ ಕೊಟ್ಟಳು. "ಯಾರೂ ನಂಬಾದು ಬ್ಯಾಡ ಬುಡ್ರವ್ವ. ಹೆತ್ತೋಳು ನಾನು ನಂಬಿವ್ನಿ."

ಇಷ್ಟನ್ನೂ ಅವಳು ನಗುತ್ತಲೇ ಹೇಳಿದಳು. ಶಾರದಮ್ಮನವರೂ ನಕ್ಕರು. ಅವರಿಗೆ ಏನಾದರೂ ತಟ್ಟಿತೋ ಇಲ್ಲವೋ ತಿಳಿಯದು, ತಾಂಬೂಲ ತರಲು ಒಳಗೆ ಹೋದರು.

ಬೀದಿಗೆ ಇಳಿದ ಮೇಲೆ ನಾನು ಅವ್ವನ ಮುಖ ನೋಡಲಾರದೆ ಭರಣಿಯ ಮುಚ್ಚಳವನ್ನು ತೆಗೆದು ಹಾಕಿ ಮಾಡುತ್ತಿದ್ದೆ. ಅವ್ವ, ಮುಂದಿನ ಮನೆ ಯಾವುದು, ಹೊತ್ತು ಮುಳುಗಾದ್ರಾಗೆ ಮುಗುಸ್ಬೇಕು ನಡಿ ಎಂದಳು. ಮುಂದಿನ ಮನೆಯ ಗೇಟಿಗೆ ಬೀಗ. ಒಳಗೆ ಟೀವಿಯ ಸದ್ದು. ನಾನು, ಇಲ್ಲಿ ನಾನು ಕರೆಯುತ್ತೇನೆ ಅವ್ವ, ನಿನ್ನ ಹಾಗೆ ಎಂದೆ. ಪ್ರಾಯಶ್ಚಿತ್ತ ಬೇಗ ಮುಗಿದರೆ ಸಾಕೆಂದು ಅವಸರ ನನಗೆ. ಗೇಟು ಹಿಡಿದು ಉಸಿರೆಳೆದುಕೊಂಡು ಕೂಗಿದೆ. ಸಿಸ್ಟರುಗಳು ತಿದ್ದಿ ತೀಡಿದ ಗಂಟಲು. ಅದರಿಂದ ಹೊರಟದ್ದು ಕಾಂಪೌಂಡಿನಲ್ಲಿ ಮಲಗಿದ್ದ ನಾಯಿಯವರೆಗೂ ತಲುಪಲಿಲ್ಲ. ಇನ್ನೊಮ್ಮೆ ಕೂಗಿದೆ. ನಾಯಿ ಒಂದು ಕಿವಿಯನ್ನು ಎತ್ತಿ, ತನಗಲ್ಲವೆಂದು ಇಳಿಸಿತು.

"ಸರ್ಕಂಡ್ ನಿಂತ್ಕೊಳೇ ಅತ್ಲಾಗೆ" ಎಂದಳು ಅವ್ವ.

ಅವ್ವ ಕೂಗಿದಳು. ಆ ಮನೆಯ ಬಾಗಿಲು ತೆರೆಯಿತು. ಎದುರುಮನೆಯ ಬಾಗಿಲೂ ತೆರೆಯಿತು. ಮೂಲೆಮನೆಯ ಮಹಡಿಯಿಂದ, ನಾನು ಅದುವರೆಗೆ ಮಾತೇ ಆಡಿಸಿರದ ಒಬ್ಬಾಕೆ, ಒದ್ದೆ ಬಟ್ಟೆಯನ್ನು ಕೈಯಲ್ಲಿ ಹಿಡಿದೇ, ಯಾರಿಗೆ ಕರೀತಿದೀರಿ ಎಂದು ಬಗ್ಗಿ ನೋಡಿದಳು. ಅವ್ವ ನನ್ನನ್ನು ಕೇಳಲಿಲ್ಲ. "ನಿಮ್ಗೂವೆ ಕಣವ್ವ, ಇಳುದ್ ಬಾ" ಎಂದಳು. ನಮ್ಮ ಪಟ್ಟಿಯಲ್ಲಿ ಇರದ ಮನೆಗಳಿಗೆಲ್ಲ ಕುಂಕುಮವಾಯಿತು. ಅಡುಗೆಯವರಿಗೆ ಅಂದು ರಾತ್ರಿಯೇ ಫೋನ್ ಮಾಡಿ ಎಲೆ ಹೆಚ್ಚು ಮಾಡಿಸಬೇಕಾಯಿತು.

ಗೃಹಪ್ರವೇಶಕ್ಕೆ ಶಾರದಮ್ಮನವರು ಬಂದರು. ಅಂದು ಒಪ್ಪತ್ತು ಎಂದು ಊಟ ಮಾಡಲಿಲ್ಲ; ಮನೆ ತುಂಬ ಚೆನ್ನಾಗಿದೆ ಎಂದು ಹೇಳಿ, ಬೆಳ್ಳಿಯ ಅರಿಶಿನ ಕುಂಕುಮದ ಬಟ್ಟಲು ಉಡುಗೊರೆ ಕೊಟ್ಟು ಹೋದರು. ಮಹಡಿಯಾಕೆ ತನ್ನ ಅತ್ತೆಯನ್ನೂ ಕರೆದುಕೊಂಡು ಬಂದು ಮೊದಲ ಪಂಕ್ತಿಯಲ್ಲೇ ಕೂತಳು. ಅವ್ವ ಸೌಟು ಹಿಡಿದು ಸಾಲಿನ ಈ ತುದಿಯಿಂದ ಆ ತುದಿಯವರೆಗೆ, ಯಾರಿಗೆ ಅನ್ನ ಬೇಕು ಯಾರಿಗೆ ಪಾಯಸ ಬೇಕು ಎಂದು ಕೂಗಿ ಕೇಳುತ್ತಾ ಬಡಿಸಿದಳು. ನಾನು ಹಿಂದೆಯೇ ನೀರಿನ ಜಗ್ಗು ಹಿಡಿದು ಓಡಾಡುತ್ತಿದ್ದೆ. ಆ ಗಡಿಬಿಡಿಯಲ್ಲಿ ನಾನು ಮಾತಾಡಿದ್ದೇ ಕಡಿಮೆ. ಹಾಗಾಗಿ ಆವತ್ತು ಇಡೀ ದಿನ ನನ್ನನ್ನು ಯಾರೂ ಹೊಗಳಲಿಲ್ಲ.